ರೊಕ್ಕ ಇಲ್ಲದವರ ಫಾರಿನ್ನು

ಸಿರುಗುಪ್ಪದಲ್ಲಿ ಬಂಡಿ ಮುಂದೆ ನಿಂತು ಒಗ್ಗರಣೆ, ಮಿರ್ಚಿ ತಿನ್ನುವಾಗ ಚಿಕ್ಕಪ್ಪನ ಮಗ ಮೊಬೈಲ್ ಮುಂದೆ ಹಿಡಿದ. 'ಅಣ್ಣ, ಇದನ್ನ ನೋಡು. ಬರೇ ನಲವತ್ತು ಸಾವಿರಕ್ಕ ವಿಯೆಟ್ನಾಂ!' ನೋಡಿದೆ. ಅದೊಂದೇ ಅಲ್ಲ, ಆ ವಾರ ಪೂರ್ತಿ ಅಂಥವೇ ಇಪ್ಪತ್ತು ವಿಡಿಯೋ, ನಾಲ್ಕೈದು ಲೇಖನ ಮುಗಿಸಿದೆ. ಈಗ ನಾನೂ ಅರ್ಧ ತಜ್ಞ.

ಅಗ್ಗದ ಫಾರಿನ್ ಟ್ರಿಪ್ಪಿನ ತಮಾಷೆ ಕನ್ನಡದಲ್ಲಿ ಒಂದು ಪ್ರಕಾರವೇ ಆಗಿಬಿಟ್ಟಿದೆ. ರಾತ್ರಿ ಎರಡು ಗಂಟೆಯ ವಿಮಾನ, ಬ್ಯಾಗಿಗೆ ಏಳು ಕೆಜಿ ಮಿತಿ, ಅದಕ್ಕೇ ಮೂರು ಜಾಕೆಟ್ ಮೈಮೇಲೆ ಹಾಕಿಕೊಂಡ ನಾಯಕ, ಹತ್ತು ಜನರ ಡಾರ್ಮಿಟರಿಯಲ್ಲಿ ಗೊರಕೆ, ಕಷ್ಟಕಾಲಕ್ಕೆ ಚಟ್ನಿಪುಡಿ. ನನಗೆ ನಿಜಕ್ಕೂ ಇಷ್ಟವಾಗೋದು ವೀಸಾ ಅಧ್ಯಾಯ. ಷೆಂಗೆನ್ ವೀಸಾಗೆ 90 ಯೂರೋ ಕಟ್ಟಬೇಕು. ಬರಬೇಡ ಅಂದರೂ ದುಡ್ಡು ವಾಪಸ್ಸಿಲ್ಲ. ಹುಡುಗ ಒಪ್ಪಿಗೆಯಾಗಲಿಲ್ಲ ಅಂತ ಹೇಳಿ ಉಪ್ಪಿಟ್ಟಿನ ಬಿಲ್ಲನ್ನೂ ಕೈಗಿಟ್ಟ ಹಾಗೆ. ಇಲ್ಲಿ ವ್ಯಂಗ್ಯಕ್ಕೆ ಜೀವ ಇದೆ. ಯಾಕಂದ್ರೆ ಪೆಟ್ಟು ತಿಂದವನೇ ನಗ್ತಿದ್ದಾನೆ.

ನಮ್ಮಲ್ಲಿ ಇದಕ್ಕೆ ಒಳ್ಳೇ ಹಿರಿಯರಿದ್ದಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಹೋಗಿದ್ದು ಮಕ್ಕಳ ಮನೆಗೆ. (ಮಕ್ಕಳ ಮನೆಯಲ್ಲಿ ಇಳಿದುಕೊಳ್ಳೋದೇ ಕನ್ನಡಿಗರ ಅಸಲಿ ಬಜೆಟ್ ಪ್ರವಾಸ, ಅದು ಬೇರೆ ಮಾತು.) ನಗು ಇದ್ದರೂ ಬೆರಗು ಕಡಿಮೆಯಾಗಲ್ಲ. ಡಾ. ಬ್ರೋ 'ನಮಸ್ಕಾರ ದೇವ್ರು' ಅಂತ ಗೊತ್ತಿಲ್ಲದ ದೇಶದ ಸಂತೆಗೆ ನುಗ್ಗಿದಾಗಲೂ ಆ ಬೆರಗು ಕಾಣುತ್ತೆ. ಅದಕ್ಕೇ ನಮ್ಮವ್ವನೂ ನೋಡ್ತಾಳೆ.

ನನ್ನ ತಕರಾರು ಸಿನಿಕ ನಾಯಕ ಹನೋಯ್‌ನಲ್ಲಿ ಇಳಿದ ಮೇಲೆ ಶುರು. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಮೂರೂವರೆ ಸಾವಿರ ಬದಲಾಯಿಸಿದ್ರೆ ಹತ್ತು ಲಕ್ಷ ದಾಟುತ್ತೆ. ಏರ್‌ಪೋರ್ಟಿನಲ್ಲಿ ನೀರಿನ ಬಾಟಲಿ ರೇಟಿಗೆ ಅತ್ತವನು ಇಲ್ಲಿ ಲಕ್ಷಾಧಿಪತಿ. ನಗುವಿನ ದಿಕ್ಕು ಅಲ್ಲೇ ತಿರುಗುತ್ತೆ. ಹಣ್ಣು ಮಾರೋ ಮುದುಕಿ ಜತೆ 20,000 ಡಾಂಗಿಗೆ ಹತ್ತು ನಿಮಿಷ ಚೌಕಾಸಿ, ಹಿಂದೆ ಟೊಂಯ್ ಅನ್ನೋ ಮ್ಯೂಸಿಕ್ಕು, 'ಎಲ್ಲಾ ಟೋಪಿ ಹಾಕ್ತಾರೆ ಗುರೂ' ಅನ್ನೋ ಎಚ್ಚರಿಕೆ. 20,000 ಡಾಂಗ್ ಅಂದ್ರೆ ನಮ್ಮ 70 ರೂಪಾಯಿ ಒಳಗೆ. ಇದೇ ಮನುಷ್ಯ ಬೆಂಗಳೂರಿನಲ್ಲಿ 300 ಕೊಟ್ಟು ಕಾಫಿ ಕುಡಿದು ಬಾಯಿ ಮುಚ್ಚಿಕೊಂಡು ಬರ್ತಾನೆ. ಅದು ಮಾತ್ರ ಜೋಕ್ ಆಗೋದೇ ಇಲ್ಲ. ನಾನೇನು ಸಾಚಾ ಅಲ್ಲ ಬಿಡಿ. ಬ್ಯಾಂಕಾಕ್‌ನಲ್ಲಿ ಟುಕ್‌ಟುಕ್‌ನವನ ಹತ್ತಿರ 20 ಬಾತ್ ಕಿತ್ತು, ಆಫೀಸಿನಲ್ಲಿ ವಾರಗಟ್ಟಲೆ ಅದೇ ಕಥೆ ಹೇಳಿ ನಗಿಸಿದವನು.

ಈ ಧಾಟಿ ಹಳೇದು. ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1973ರಲ್ಲಿ ತಂದ ಪುಸ್ತಕದ ಹೆಸರೇ 'ಅಕ್ರಾಸ್ ಏಷ್ಯಾ ಆನ್ ದ ಚೀಪ್'. ಲೋನ್ಲಿ ಪ್ಲಾನೆಟ್ ಹುಟ್ಟಿದ್ದು ಅದರಿಂದ. ಆ ಚೀಪ್ ಏಷ್ಯಾದೊಳಗೆ ನಾವೂ ಇದ್ದೆವು. ಹಂಪಿಗೆ, ಹೊಳೆಯಾಚೆಯ ವಿರೂಪಾಪುರ ಗಡ್ಡೆಗೆ ವರ್ಷಗಟ್ಟಲೆ ಬೆನ್ನಚೀಲದವರು ಬಂದರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಗಡ್ಡೆಯ ರೆಸಾರ್ಟುಗಳು ನೆಲಸಮವಾದವು. ನಮ್ಮ ಬಸ್ಸು, ನಮ್ಮ ಖಾರ, ನಾವು ಹಾಕಿದ ಟೋಪಿಗಳ ಬಗ್ಗೆ ಅವರ ಊರುಗಳಲ್ಲೂ ಯಾರೋ ಬರೆದು ನಗಿಸಿರಬೇಕು.

ಅಂಥವನೊಬ್ಬನನ್ನ ಹತ್ತಿರದಿಂದ ನೋಡಿದ್ದೇನೆ. ಬಳ್ಳಾರಿಯಲ್ಲಿ ಬಿಇ ಓದುವಾಗ. ನಮ್ಮತ್ತೆ ಕುರುಗೋಡಿನ ದೊಡ್ಡಬಸವೇಶ್ವರ ಗುಡಿ ಹತ್ತಿರ ಸೌತೆಕಾಯಿ ಮಾರುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿದ್ದೆ. ಹಂಪಿಯಿಂದ ಬಂದ ಬಿಳಿಯ ಹುಡುಗ ಹತ್ತು ರೂಪಾಯಿ ಕಾಯಿಗೆ ಐದು ಬೆರಳು ತೋರಿಸಿ ನಿಂತ. ಕಾಲು ಗಂಟೆ ಕದಲಲಿಲ್ಲ. ನನಗೆ ಸಿಟ್ಟು, ಇಂಗ್ಲಿಷ್ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಅತ್ತೆ ಐದಕ್ಕೇ ಕೊಟ್ಟು, ಮೇಲೊಂದು ಹಾಕಿ, ಉಪ್ಪು ಖಾರ ಹಚ್ಚಿದಳು. ಅವನು ಅವಳ ಫೋಟೋ ಹೊಡ್ಕೊಂಡು ಹೋದ.

'ಯಾಕತ್ತಿ, ಅವನತ್ರ ಡಾಲರ್ ಇರ್ತಾವ' ಅಂದೆ.

'ಸುಮ್ನಿರಪಾ. ಪ್ಯಾಂಟು ನೋಡ್ಲಿಲ್ಲೇನು, ಮೊಣಕಾಲತ್ರ ಪೂರ್ತಿ ಹರದೈತಿ. ಹೊಲಿಸ್ಕೊಳಾಕ ರೊಕ್ಕ ಇಲ್ಲ, ಪಾಪ.'

ಊರು ತುಂಬ ಜೀನ್ಸ್ ಹೊಲಿಯೋ ಬಳ್ಳಾರಿ ಅಲ್ಲಿಂದ ಬಸ್ಸಿನ ದಾರಿ.

ಮಿರ್ಚಿ ಬಂಡಿ ಮುಂದೆ ತಮ್ಮನಿಗೆ ಇದನ್ನ ಹೇಳಿದೆ. ಬರೋ ತಿಂಗಳ ಟಿಕೆಟ್ ಆಗಲೇ ಬುಕ್ ಮಾಡಿದ್ದಾನೆ. ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, 'ಹಂಗಾರ ಅಣ್ಣ, ನಾನೂ ಹರದ ಪ್ಯಾಂಟೇ ಹಾಕ್ಕೊಂಡು ಹೋಗ್ಲೇನು?' ಅಂದ.