ಲೋಹದ ದನಿ, ಜಾರುಬಂಡೆಯ ತಾಳ

ಡೇರಿಯಸ್ ಮಾರ್ಡರ್ ನಿರ್ದೇಶಿಸಿದ ಅಮೆರಿಕದ ಚಿತ್ರ 'ಸೌಂಡ್ ಆಫ್ ಮೆಟಲ್' (2019) ಧ್ವನಿ ವಿಭಾಗದಲ್ಲಿ 2021ರ ಆಸ್ಕರ್ ಪಡೆದದ್ದು ಸರಿಯಾಗಿಯೇ ಇದೆ. ಆದರೆ ಸಂಗೀತ, ಕಿವುಡುತನ, ಯಂತ್ರ, ಈ ಮೂರರ ಬಗ್ಗೆ ಅದು ಹೇಳುವುದಕ್ಕೆಲ್ಲ ನಾವು ತಲೆದೂಗಲಾರೆವು.

ನಾಯಕ ರೂಬೆನ್ ಡ್ರಮ್ ವಾದಕ. ಗೆಳತಿ ಲೂ ಹಾಡುತ್ತಾಳೆ, ಇವನು ಬಾರಿಸುತ್ತಾನೆ. ಇದ್ದಕ್ಕಿದ್ದಂತೆ ಕಿವಿ ಕೈಕೊಡುತ್ತದೆ. ಜೋ ಎಂಬ ಹಿರಿಯ ನಡೆಸುವ ಕಿವುಡರ ತಾಣವೊಂದಕ್ಕೆ ಅವನು ಮನಸ್ಸಿಲ್ಲದ ಮನಸ್ಸಿನಿಂದ ಸೇರುತ್ತಾನೆ. ಅಲ್ಲಿ ಲೋಹದ ಜಾರುಬಂಡೆಯ ಮೇಲೆ ಒಬ್ಬ ಕಿವುಡ ಹುಡುಗ. ರೂಬೆನ್ ಕೆಳಗೆ ಕೂತು ತಗಡನ್ನು ತಟ್ಟುತ್ತಾನೆ, ಹುಡುಗ ತಟ್ಟಿಯೇ ಉತ್ತರ ಕೊಡುತ್ತಾನೆ. ಯಂತ್ರವಿಲ್ಲ, ಖರ್ಚಿಲ್ಲ, ಮೈಗೆ ತಾಳ ಮುಟ್ಟುತ್ತದೆ. ಇಡೀ ಚಿತ್ರದಲ್ಲಿ ನಮಗೆ ಅತ್ಯಂತ ಹಿಡಿಸಿದ್ದು ಈ ಒಂದೆರಡು ನಿಮಿಷ.

ರೂಬೆನ್‌ಗೆ ಇಷ್ಟು ಸಾಲದು. ಮನೆಯಂತಿದ್ದ ವಾಹನವನ್ನೂ ಮಾರಿ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಳ್ಳುತ್ತಾನೆ. ಬಸವನಹುಳುವಿನ ಚಿಪ್ಪಿನಂಥ ಒಳಗಿವಿಯಲ್ಲಿ ಶಬ್ದವನ್ನು ನರಕ್ಕೆ ದಾಟಿಸುವ ರೋಮಕೋಶಗಳು ಸುಮಾರು 3,500. ಆ ಕೆಲಸವನ್ನು ಇಲ್ಲಿ ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ವಿದ್ಯುದ್ವಾರಗಳು ಮಾಡಬೇಕು. ಹಾರ್ಮೋನಿಯಂನಲ್ಲಿ ಗಮಕ ಹಿಡಿಯಹೊರಟವನ ಪಾಡು ಇದು. ಮಾತು ತಿಳಿಯುತ್ತದೆ, ರಾಗ ಜಾರಿಹೋಗುತ್ತದೆ. ತಂದೆಯ ಪಿಯಾನೋಕ್ಕೆ ದನಿಗೂಡಿಸಿ ಲೂ ಹಾಡುವಾಗ ರೂಬೆನ್‌ಗೆ ಕೇಳುವುದು ತಗಡು ಉಜ್ಜಿದ ಸದ್ದು. ಅವನಿಗೆ ಕೇಳಿದಂತೆಯೇ ನಮಗೂ ಕೇಳಿಸಿ, ಚಿತ್ರ ನಮ್ಮ ಹೊಟ್ಟೆ ಕಿವಿಚುತ್ತದೆ.

ನಮ್ಮ ತಕರಾರು ಇಲ್ಲಿಯೇ. ಈ ಸಾಧನ ರಾಗದಲ್ಲಿ ಸೋತರೂ ಲಯವನ್ನು ಸಾಕಷ್ಟು ಚೆನ್ನಾಗಿ ತಲುಪಿಸುತ್ತದೆ. ರೂಬೆನ್ ಲಯಗಾರ! ಅವನನ್ನು ಒಮ್ಮೆಯಾದರೂ ಡ್ರಮ್ಮಿನ ಮುಂದೆ ಕೂರಿಸಬೇಡವೇ? ಮೃದಂಗದವನನ್ನು ಆಲಾಪನೆಯಲ್ಲಿ ಪರೀಕ್ಷಿಸಿ ನಪಾಸು ಮಾಡಿದಂತಾಯಿತು. ಹೊಸ ದನಿಗೆ ಮಿದುಳು ಒಗ್ಗಲು ತಿಂಗಳುಗಟ್ಟಲೆ ಅಭ್ಯಾಸ ಬೇಕು. ಚಿತ್ರ ಅಷ್ಟು ಕಾಯದೆ, ಗಂಟೆಯ ಸದ್ದಿಗೆ ಬೇಸತ್ತ ಅವನ ಕೈಯಲ್ಲಿ ಯಂತ್ರವನ್ನು ತೆಗೆಸಿಬಿಡುತ್ತದೆ. ನಾಟಕಕ್ಕೆ ಅದು ಬೇಕಿತ್ತೇನೋ. ಮೌನಕ್ಕೆ ಮರಳುವ ಆ ಗಳಿಗೆಯಲ್ಲಿ ರಿಜ್ ಅಹ್ಮದ್ ಅವರ ಮುಖಭಾವವನ್ನು ಮೆಚ್ಚದಿರಲು ನಮ್ಮಿಂದಾಗದು.

ಇಷ್ಟು ಚರ್ಚೆ ಏಕೆಂದರೆ, ಕಿವಿ ಕೇಳದ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗಳಿಗೆ ಅಲೆಯುವ ತಂದೆತಾಯಂದಿರು ನಮ್ಮ ವಾಚಕರಲ್ಲಿಯೂ ಇದ್ದಾರು. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ಈ ಸಾಧನಕ್ಕೆ ನೆರವು ಉಂಟು. ಸಲಹೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಎಳವೆಯಲ್ಲೇ ಸಾಧನ ಪಡೆದು ಅದರ ದನಿಯಲ್ಲೇ ಬೆಳೆಯುವ ಮಗುವಿನ ಕಥೆ ಬೇರೆ, ನಡುವಯಸ್ಸಿಗೆ ಮೊದಲೇ ಕಿವಿ ಕಳೆದುಕೊಂಡ ವಾದಕನ ಕಥೆ ಬೇರೆ. ಅಂಥ ದಂಪತಿಗಳು ಈ ಚಿತ್ರವನ್ನು ಅಗತ್ಯ ನೋಡಲಿ. ಕೊನೆಯ ದೃಶ್ಯ ನೋಡಿ ಬೆದರದೆ, ಜಾರುಬಂಡೆಯ ದೃಶ್ಯವನ್ನು ಬೇಕಿದ್ದರೆ ಎರಡು ಸಲ ನೋಡಲಿ.