ನಮ್ಮ ಗುಡಗುಡಿ ಎಲ್ಲಿ?

"ಯಾವ್ದಾದ್ರೂ ಹೊಸ ಕನ್ನಡ ಬ್ಯಾಂಡ್ ಇದ್ರೆ ಹೇಳೋ" ಅಂತ ಆಫೀಸಲ್ಲಿ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರೋದು ರಘು ದೀಕ್ಷಿತ್ ಪ್ರಾಜೆಕ್ಟ್. ಅವರ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ! ಇನ್ನೂ ಅದನ್ನೇ 'ಹೊಸದು' ಅಂತಿದ್ದೀನಿ ಅಂದ್ರೆ ತಪ್ಪು ಬ್ಯಾಂಡುಗಳದ್ದಾ, ನನ್ನದಾ?

ಆಲ್ಬಂ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಶಿಶುನಾಳ ಷರೀಫರ ಗುಡಗುಡಿ ಪದಕ್ಕೆ ಗಿಟಾರು, ಡ್ರಮ್ಸು ಸೇರಿದರೂ ಪದ ಎಲ್ಲೂ ಮುಳುಗಲ್ಲ. ರಘು ಹೊಲದ ಬದುವಿನ ಮೇಲೆ ನಿಂತು ಕೂಗಿದ ಹಾಗೆ ಹಾಡ್ತಾರೆ. ತೊಂದರೆ ಶುರುವಾಗಿದ್ದು ಆಮೇಲೆ. ಷರೀಫರದೋ ಪುರಂದರದಾಸರದೋ ಒಂದು ಪದ, ಇಲ್ಲಾ ಒಂದು ವಚನ, ಜೊತೆಗೊಂದಿಷ್ಟು ಡಿಸ್ಟಾರ್ಷನ್: ಕನ್ನಡ ರಾಕ್ ಅಂದರೆ ಇಷ್ಟೇ ಅನ್ನೋ ಹಾಗಾಯ್ತು. ಸಿರಿಗೆರೆಯಲ್ಲಿ ಬೆಳೆದವನಿಗೆ ವಚನ ಹೊಸದಲ್ಲ. ಮಠ, ಶಾಲೆ, ತರಳಬಾಳು ಹುಣ್ಣಿಮೆ, ಎಲ್ಲಿ ಹೋದರೂ ಕಿವಿಗೆ ಬೀಳ್ತಿತ್ತು. ಅದನ್ನೇ ಗಿಟಾರಿನಲ್ಲಿ ಕೇಳೋದು ಖುಷಿಯೇ. ಆದರೆ ಷರೀಫರು ಹಾಡಿದ್ದು ತಾವು ಕಂಡ ಗುಡಗುಡಿ, ಸೋರುವ ಮಾಳಿಗೆಗಳನ್ನು. ನಮ್ಮ ಗುಡಗುಡಿ ಎಲ್ಲಿ?

ಇದೆ, ಹುಡುಕಬೇಕು ಅಷ್ಟೇ. ಸ್ವರಾತ್ಮ ತಂಡದ 2009ರ ಮೊದಲ ಆಲ್ಬಂನಲ್ಲಿ 'ಪ್ಯಾಸಿ' ಅನ್ನೋ ಹಾಡಿದೆ. ಜಗಳಕ್ಕೆ ಸಿಕ್ಕ ಕಾವೇರಿಯ ಸಂಕಟ ಅದು. ಹಾಡು ಗಟ್ಟಿ, ಆದರೆ ಹಿಂದಿಯಲ್ಲಿದೆ. ಅದು ತಪ್ಪಲ್ಲ, ಕೇಳುವಾಗ ಹೊಟ್ಟೆಯಲ್ಲಿ ಒಂದು ಚೂರು ಉರಿಯುತ್ತೆ, ಅಷ್ಟೆ. ಬೆಂಗಳೂರಿನದೇ ಪರವಾಜ್ ತಂಡ ಉರ್ದು, ಕಾಶ್ಮೀರಿಯಲ್ಲಿ ಹಾಡುತ್ತೆ. 2014ರ 'ಬಾರಾನ್' ಆಲ್ಬಂನಲ್ಲಿ ನನಗೆ ಅರ್ಥವಾಗೋ ಪದ ಬೆರಳೆಣಿಕೆಯಷ್ಟು. ಆದರೂ ರಾತ್ರಿ ಡೆಪ್ಲಾಯ್‌ಮೆಂಟ್ ಇದ್ದಾಗಲೆಲ್ಲ ಅದನ್ನೇ ಕೇಳ್ತೀನಿ. ಅವರವರ ಮನೆಯ ಮಾತು ಅವರವರ ಬಾಯಲ್ಲಿ ಬಂದರೆ ಹೀಗೇ ಇರುತ್ತೆ.

"ಸ್ಟುಡಿಯೋಗೆ ದುಡ್ಡೆಲ್ಲಿ?" ಅನ್ನಬಹುದು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ 'ನೆಬ್ರಾಸ್ಕಾ'ದ ಹಾಡುಗಳನ್ನು ಮನೆಯಲ್ಲೇ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಮುದ್ರಿಸಿಕೊಂಡರು. ಆಮೇಲೆ ಬ್ಯಾಂಡಿನ ಜೊತೆ ನುಡಿಸಿ ನೋಡಿದರು, ಸರಿಬರಲಿಲ್ಲ. ಕೊನೆಗೆ ಮನೆಯ ಕ್ಯಾಸೆಟ್ಟೇ ಆಲ್ಬಂ ಆಯ್ತು. ಈಗ ಲೋ-ಫೈ ಅಂತಾರಲ್ಲ, ಅದರ ಗುಟ್ಟು ಇಷ್ಟೇ: ಸದ್ದು ನುಣ್ಣಗಿಲ್ಲದಿದ್ದರೂ ನಡೆಯುತ್ತೆ, ಹಾಡು ತನ್ನದಾಗಿರಬೇಕು.

ನನ್ನ ಹಳೇ ಮೆಮೊರಿ ಕಾರ್ಡಿನಲ್ಲೂ ಅಂಥದ್ದೊಂದಿದೆ. ಹಾಸ್ಟೆಲ್ಲಿನಲ್ಲಿ ಭರಮಸಾಗರ ಕಡೆಯ ಗೆಳೆಯನೊಬ್ಬ ಬತ್ತಿಹೋದ ಬೋರ್‌ವೆಲ್ ಮೇಲೆ ಒಂದು ಹಾಡು ಕಟ್ಟಿದ್ದ. ಆರುನೂರು ಅಡಿ ಕೊರೆಸಿ ಬರೀ ದೂಳು ಕಂಡ ಅಪ್ಪನ ಹಾಡು. ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಫ್ಯಾನಿನ ಕಟಕಟ, ಬಕೆಟ್ ಉರುಳಿದ ಸದ್ದು ಎಲ್ಲಾ ಅದರಲ್ಲೈತೆ. ಕಾಲೇಜ್ ಡೇ ದಿನ ಅವನು ಅದನ್ನೇ ಶುರುಮಾಡಿದ. ಎರಡು ಸಾಲು ಆಗಿತ್ತೋ ಇಲ್ಲವೋ, ಹಿಂದಿನಿಂದ ಯಾರೋ ಕೂಗಿದರು: "ಲೇ, ಷರೀಫಂದು ಹಾಡಲೇ!" ಅವನು ನಿಲ್ಲಿಸಿ ಗುಡಗುಡಿ ಎತ್ತಿಕೊಂಡ. ಎಲ್ಲರೂ ಕುಣಿದರು. ಬೋರ್‌ವೆಲ್ ಹಾಡನ್ನ ಅವನು ಮತ್ತೆ ಹಾಡಲಿಲ್ಲ.

ಕೂಗಿದ್ದು ನಾನೇ.

ಹಾಗಾಗಿ ಈ ಸಲ ನನ್ನ ಶಿಫಾರಸು ಇಷ್ಟು. 'ಪ್ಯಾಸಿ', 'ಬಾರಾನ್' ಕೇಳಿ. ಗಿಗ್‌ಗೆ ಹೋದರೆ ಬೇಗ ಹೋಗಿ; ಹೆಸರಾದ ಬ್ಯಾಂಡಿಗೆ ಮುಂಚೆ, ಖಾಲಿ ಕುರ್ಚಿಗಳಿಗೆ ಹಾಡುವ ಹುಡುಗರನ್ನ ಕೇಳಿ. ಅವರು ಸ್ವಂತ ಹಾಡು ಎತ್ತಿಕೊಂಡಾಗ ಗೊತ್ತಿರೋ ಹಾಡಿಗೆ ಕೂಗಬೇಡಿ. ಮುಗಿದ ಮೇಲೆ ಹತ್ತಿರ ಹೋಗಿ ಬ್ಯಾಂಡಿನ ಹೆಸರು ಕೇಳಿಕೊಳ್ಳಿ. ನನಗೂ ತಿಳಿಸಿ.