ಕೊಟೇಶನ್‌ನಲ್ಲಿ ಕಾಣದ ಖರ್ಚು

ಶಿರಾಲಿ ಕಡೆಯಿಂದ ಮಣಿಪಾಲದ ಆಸ್ಪತ್ರೆಗೆ ಹೊರಟವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕೊಟ್ಟೆ ಇದ್ದೇ ಇರುತ್ತದೆ. ಒಳಗೆ ಹಳೆಯ ಚೀಟಿ, ರಕ್ತಪರೀಕ್ಷೆಯ ವರದಿ, ಮಡಚಿಟ್ಟ ಇಸಿಜಿ. ಆ ಥರ್ಮಲ್ ಕಾಗದ ಕರಾವಳಿಯ ಸೆಕೆಗೆ ಮಾಸುತ್ತದೆ. ಬೇಕಾದ ಹೊತ್ತಿಗೆ ಹೃದಯದ ಗೆರೆ ಅಳಿಸಿ ಬರೀ ಗುಲಾಬಿ ಚೌಕಗಳು ಉಳಿದಿರುತ್ತವೆ. ಹೀಗಿರುವಾಗ ಸಣ್ಣ ಕ್ಲಿನಿಕ್‌ಗೆ ಡಿಜಿಟಲ್ ದಾಖಲೆ ಬೇಕೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ದಾಖಲೆಗಳನ್ನು ಕಂಪ್ಯೂಟರಿಗೆ ತರಲು ಪ್ರಯತ್ನಿಸಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳೇ ಹೇಳಿದ್ದವು. ಎಡವುತ್ತಿರುವುದು ಬಜೆಟ್ ಹಾಕುವ ಕ್ರಮದಲ್ಲಿ.

ಸಾಮಾನ್ಯವಾಗಿ ಸಾಫ್ಟ್‌ವೇರ್ ಚಂದಾ, ಕಂಪ್ಯೂಟರ್, ಪ್ರಿಂಟರ್ ಮೂರನ್ನೂ ಕೂಡಿಸಿದರೆ ಲೆಕ್ಕ ಮುಗಿಯಿತು ಎಂದುಕೊಳ್ಳುತ್ತಾರೆ. ಸಾಫ್ಟ್‌ವೇರ್ ಮೇಲೆ ಶೇ. 18 ಜಿಎಸ್‌ಟಿ ಇದೆ. ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಅಂಗಡಿಯವರಂತೆ ಆ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಲು ವೈದ್ಯರಿಗೆ ದಾರಿಯಿಲ್ಲ. ಅಷ್ಟೂ ಕೈಯಿಂದಲೇ ಹೋಗುತ್ತದೆ.

ಇದಕ್ಕಿಂತ ದೊಡ್ಡದು ಸಮಯದ ಖರ್ಚು. ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ಲಿನಿಕ್‌ಗಳನ್ನು ಕುರಿತು ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಐವರು ವೈದ್ಯರ ಸರಾಸರಿ ಕ್ಲಿನಿಕ್ಕಿನಲ್ಲಿ ಡಿಜಿಟಲ್ ದಾಖಲೆಯ ಅಳವಡಿಕೆಗೆ ಅಂದಾಜು 1,62,000 ಡಾಲರ್, ಮೊದಲ ವರ್ಷದ ನಿರ್ವಹಣೆಗೆ 85,500 ಡಾಲರ್ ಎಂದು ಲೆಕ್ಕ ಹಾಕಿತ್ತು. ಆ ಮೊತ್ತ ನಮ್ಮ ಊರಿಗೆ ಹೊಂದುವುದಿಲ್ಲ. ಆದರೆ ಅದೇ ಅಧ್ಯಯನ ಗಂಟೆಗಳನ್ನೂ ಎಣಿಸಿತ್ತು: ಹೊಸ ವ್ಯವಸ್ಥೆಗೆ ಸಿದ್ಧವಾಗಲು ಒಬ್ಬ ವೈದ್ಯರ ಲೆಕ್ಕದಲ್ಲಿ ಸಿಬ್ಬಂದಿಯೂ ಸೇರಿ ಸರಾಸರಿ 134 ಗಂಟೆ. ಈ ಎಣಿಕೆ ಇಲ್ಲಿಗೂ ಬೇಕು. ದಿನಕ್ಕೆ 60 ರೋಗಿಗಳು, ತಲಾ ಎರಡು ನಿಮಿಷದ ಟೈಪಿಂಗ್ ಎಂದರೆ ದಿನಕ್ಕೆ ಎರಡು ಗಂಟೆ. ಅದನ್ನು ಯಾರು ಕೊಡುತ್ತಾರೆ, ಎಷ್ಟು ಸಂಬಳಕ್ಕೆ? ಇದಕ್ಕೆ ಉತ್ತರವಿಲ್ಲದ ಬಜೆಟ್ಟನ್ನು ಬಜೆಟ್ ಎನ್ನಲಾಗದು.

ಮಳೆಗಾಲದ್ದು ಇನ್ನೊಂದು ಬಾಬ್ತು. ಕರೆಂಟು ಹೋಗುತ್ತದೆ, ಸಿಡಿಲಿಗೆ ಮೋಡೆಮ್ ಸುಡುತ್ತದೆ, ಯುಪಿಎಸ್ ಬ್ಯಾಟರಿ ಕೆಲವೇ ವರ್ಷಕ್ಕೆ ಬದಲಾಗಬೇಕು. ವ್ಯವಸ್ಥೆ ಕೈಕೊಡಲು ಮಳೆಯೇ ಬೇಕೆಂದಿಲ್ಲ, ದೊಡ್ಡವರಿಗೂ ಅದು ತಪ್ಪಿದ್ದಲ್ಲ: 2022ರ ನವೆಂಬರಿನಲ್ಲಿ ಸೈಬರ್ ದಾಳಿಯಾದಾಗ ದೆಹಲಿಯ ಏಮ್ಸ್‌ನಲ್ಲೇ ಎಷ್ಟೋ ದಿನ ಕೈಬರಹದಲ್ಲಿ ಕೆಲಸ ನಡೆಯಿತು. ಬ್ಯಾಕಪ್ಪಿನ, ಭದ್ರತೆಯ ಖರ್ಚು ಕೈಬಿಡುವ ವೈದ್ಯರು ರೋಗಿಯ ದಾಖಲೆಯನ್ನೂ ಗುಟ್ಟನ್ನೂ ಪಣಕ್ಕಿಡುತ್ತಾರೆ. ವೈಯಕ್ತಿಕ ದತ್ತಾಂಶ ರಕ್ಷಣೆಯ 2023ರ ಕಾಯ್ದೆಯಲ್ಲಿ ಭದ್ರತಾ ಲೋಪಕ್ಕೆ 250 ಕೋಟಿ ರೂಪಾಯಿವರೆಗೂ ದಂಡವಿದೆ.

ಪುಕ್ಕಟೆ ದಾರಿಯೂ ಇದೆ. ಛತ್ತೀಸಗಢದ ಗನಿಯಾರಿಯ ಜನ ಸ್ವಾಸ್ಥ್ಯ ಸಹಯೋಗ ಆಸ್ಪತ್ರೆಯಲ್ಲಿ ಮೊದಲು ಬಳಕೆಗೆ ಬಂದ ‘ಬಾಹ್ಮ್ನಿ’ ಎಂಬ ಸಾಫ್ಟ್‌ವೇರಿಗೆ ಪರವಾನಗಿ ಶುಲ್ಕವಿಲ್ಲ. ಕೆಟ್ಟಾಗ ಸರಿಪಡಿಸುವವರನ್ನು ಮಾತ್ರ ನಾವೇ ಹುಡುಕಬೇಕು.

ಸರಕಾರದ ನೆರವು? ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಪ್ರೋತ್ಸಾಹಧನ ಯೋಜನೆ 2023ರ ಜನವರಿ 1ರಿಂದ ಜಾರಿಗೆ ಬಂತು. ಆರಂಭದ ರೂಪದಲ್ಲಿ ಅದು ಕನಿಷ್ಠ 10 ಹಾಸಿಗೆಯ ಆಸ್ಪತ್ರೆಗಳನ್ನು ಕಣ್ಣಮುಂದಿಟ್ಟುಕೊಂಡದ್ದು: ತಿಂಗಳಿಗೆ ಹಾಸಿಗೆಯೊಂದಕ್ಕೆ 50 ದಾಖಲೆ ದಾಟಿದ ಮೇಲೆ, ಪ್ರತಿ ಹೆಚ್ಚುವರಿ ದಾಖಲೆಗೆ 20 ರೂಪಾಯಿ. ಹಾಸಿಗೆಯೇ ಇಲ್ಲದ ಊರ ಕ್ಲಿನಿಕ್ಕಿನ ಅಳತೆಗೆ ಹೊಲಿದ ಅಂಗಿಯಾಗಿರಲಿಲ್ಲ ಅದು. ಕೊಟ್ಟೆ ಹೊತ್ತು ತಿರುಗುವ ರೋಗಿಯ ಮೊದಲ ಚೀಟಿ ಹುಟ್ಟುವುದೇ ಅಲ್ಲಿ ಎಂಬುದನ್ನು ಯೋಜನೆ ಮಾಡಿದವರು ಗಮನಿಸಬೇಕಿತ್ತು.

ಬಹುತೇಕ ಎಲ್ಲರೂ ಮರೆಯುವುದು ಬಿಟ್ಟು ಹೋಗುವ ಖರ್ಚನ್ನು. ಐದು ವರ್ಷದ ಮೇಲೆ ಕಂಪನಿ ಬದಲಿಸಬೇಕಾದರೆ ದಾಖಲೆಗಳು ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ಕೈಗೆ ಸಿಗುತ್ತವೆಯೇ, ಅದಕ್ಕೆಷ್ಟು ಹಣ ಎಂಬುದು ಕರಾರಿನಲ್ಲೇ ಇರಬೇಕು. ಸಹಿ ಹಾಕುವ ಮುಂಚೆ, ಮಾರಲು ಬಂದವರಿಂದ ನೂರು ಮಾದರಿ ದಾಖಲೆ ಹೊರತೆಗೆಸಿ ನೋಡಲು ಒಂದು ಮಧ್ಯಾಹ್ನ ಸಾಕು.